ರಕ್ತಪಿಶಾಚಿಗಳ ಸಹವಾಸ

ವರ್ಷವೊಂದರಲ್ಲಿ ನೂರು ರಕ್ತಪಿಶಾಚಿ ಚಿತ್ರಗಳನ್ನು ನೋಡಿಯೇ ತೀರುವೆನೆಂಬ ತಮ್ಮ ಸಂಕಲ್ಪವನ್ನು ಮನೆಯವರು ಹುಚ್ಚೆಂದರೆಂದು ನೊಂದು ಬರೆದಿರುವಿರಿ. ನನಗಾದರೋ ಸಂಕಲ್ಪದಲ್ಲಿ ದೋಷ ಕಾಣದು, ನೂರೆಂಬ ಸಂಖ್ಯೆಯಲ್ಲಿ ಮಾತ್ರ ಕಾಣುತ್ತದೆ. 1922ರಲ್ಲಿ ಜರ್ಮನಿಯ ಮುರ್ನೌ ನಿರ್ದೇಶಿಸಿದ ‘ನೊಸ್ಫೆರಾಟು’ವಿನಿಂದ ತೊಡಗಿರಿ. ಅನುಮತಿಯಿಲ್ಲದೆ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಕಾದಂಬರಿಯನ್ನು ಬಳಸಿಕೊಂಡುದರಿಂದ, ಆತನ ವಿಧವೆ ಹೂಡಿದ ವ್ಯಾಜ್ಯದಲ್ಲಿ ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂಬ ತೀರ್ಪಿಗೆ ಗುರಿಯಾದ ಆ ಮೂಕಚಿತ್ರವು, ಅಲ್ಲಲ್ಲಿ ಉಳಿದ ಪ್ರತಿಗಳಿಂದ ಮರಳಿ ಎದ್ದುಬಂದಿತು. ಪಿಶಾಚಿಗೆ ತಕ್ಕ ನಡತೆಯೇ ಸರಿ! ಕಾದಂಬರಿಯ ಡ್ರಾಕುಲಾ ಹಗಲಿನಲ್ಲಿಯೂ ಸಂಚರಿಸಬಲ್ಲನು. ಇಲ್ಲಿಯವನಾದರೋ ಬೆಳಗಿನ ಬಿಸಿಲು ಸೋಕಿದೊಡನೆ ಹೊಗೆಯಾಗಿ ಕರಗುವನು. ನೀಳ ಬೆರಳುಗಳನ್ನು ಚಾಚಿ ಮೆಟ್ಟಿಲೇರುವ ಅವನ ನೆರಳನ್ನು ಎರಡು ಬಾರಿಯಾದರೂ ನೋಡಿರಿ. ಬಳಿಕ 1931ರ ಬೆಲಾ ಲುಗೋಸಿಯ ‘ಡ್ರಾಕುಲಾ’ವನ್ನೂ, ಅದೇ ರಂಗಸಜ್ಜಿನಲ್ಲಿ ರಾತ್ರಿಯ ವೇಳೆ ಚಿತ್ರಿಸಲ್ಪಟ್ಟ ಸ್ಪ್ಯಾನಿಷ್ ಆವೃತ್ತಿಯನ್ನೂ ಒಟ್ಟಿಗೆ ನೋಡಿರಿ. ವಾರಕ್ಕೊಂದು ಸಾಕು, ಊಟವಾದ ಮೇಲೆ, ಮನೆಯವರನ್ನೂ ಕರೆದು.