ಎಂಟು ಅಂಕಿಯ ಪೈಲ್ವಾನ

ಹಗಲೆಲ್ಲ ಸೊಲ್ಲಾಪುರದ ಒಂದು ಚಾದರದ ಪೇಢಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಊಟ ಮುಗಿದು ಮನೆಯವರು ಮಲಗಿದ ಮೇಲೆ ಕತ್ತಿ ಹಿಡಿಯುತ್ತೇನೆ. ಹತ್ತು ಹನ್ನೆರಡು ವರ್ಷದ ಚಟ ಇದು. 2011ರ ನವೆಂಬರಿನಲ್ಲಿ ಬಂದ ಸ್ಕೈರಿಮ್ ಎಂಬ ವಿಡಿಯೋ ಗೇಮ್ ಮರುವರ್ಷ ಗೆಳೆಯನ ಹಳೇ ಕಂಪ್ಯೂಟರಿನಿಂದ ನನಗೆ ಅಂಟಿತು. 2022ರ ಫೆಬ್ರುವರಿಯಲ್ಲಿ ಬಂದ ಎಲ್ಡನ್ ರಿಂಗ್ ಇನ್ನೂ ಬಿಟ್ಟಿಲ್ಲ. ಅಕ್ಕಲಕೋಟೆಯಿಂದ ಅಕ್ಕನ ಮಗ ಕಾಲೇಜಿಗೆಂದು ನಮ್ಮ ಮನೆಗೆ ಬಂದ ಮೂರನೇ ದಿನವೇ, “ಮಾಮಾ, ನನಗೂ ಒಂದ ಪೈಲ್ವಾನ ಮಾಡಿ ಕೊಡು” ಅಂದ. ಮಾಡಿ ಕೊಡೂದಲ್ಲೋ, ನೀನೇ ಸಾಕಬೇಕು ಅಂದೆ. ಅವನಿಗೆ ಹೇಳಿಕೊಡುತ್ತ ಹೋದಂತೆ ನಾನು ಇಷ್ಟು ವರ್ಷ ಮಾಡಿದ ತಪ್ಪುಗಳೆಲ್ಲ ಸಾಲಾಗಿ ಎದ್ದು ಬಂದವು. ಖಾತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೀಚಿಟ್ಟದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

1. ಓಡುವುದು ಮೊದಲು

ಎಲ್ಡನ್ ರಿಂಗಿನಲ್ಲಿ ಗವಿಯಿಂದ ಹೊರಬಿದ್ದು ಬಯಲಿಗೆ ಕಾಲಿಟ್ಟರೆ ಎದುರಿಗೇ ಬಂಗಾರದ ಕವಚ ತೊಟ್ಟ ಸವಾರನೊಬ್ಬ ಗಸ್ತು ತಿರುಗುತ್ತಿರುತ್ತಾನೆ. ಟ್ರೀ ಸೆಂಟಿನಲ್ ಅಂತ ಹೆಸರು. ಹುಡುಗ ಅವನನ್ನು ಕಂಡವನೇ ಕತ್ತಿ ಹಿರಿದು ನುಗ್ಗಿದ. ಎರಡೇ ಏಟು. ಎದ್ದು ಮತ್ತೆ ಹೋದ, ಮತ್ತೆ ಎರಡು. ಒಂಬತ್ತನೇ ಸಲ ಸತ್ತಾಗ ಬಾಯಿಂದ ಮರಾಠಿಯಲ್ಲೊಂದು ಬೈಗುಳ ಬಂತು. (ನಮ್ಮಲ್ಲಿ ಮನೆಯೊಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಓಣಿ ದಾಟಿದರೆ ತೆಲುಗು. ಬೈಗುಳ ಮಾತ್ರ ಯಾವಾಗಲೂ ಪಕ್ಕದ ಮನೆಯವರದು.)

“ಸುರುವಿಗೇ ಇಂಥವನನ್ನ ಯಾಕ ಇಟ್ಟಾರ?” ಅಂತ ಕೇಳಿದ.

“ಬಳಸಿ ಹೋಗಲಿ ಅಂತ.”

ಎದುರಿಗಿದ್ದವನನ್ನೆಲ್ಲ ಹೊಡೆಯಲೇಬೇಕು ಅನ್ನುವ ಹಟವನ್ನು ಹಳೆಯ ಆಟಗಳು ನಮ್ಮ ತಲೆಯಲ್ಲಿ ತುಂಬಿವೆ. ಈ ಆಟದಲ್ಲಿ ದಾರಿ ಬಿಟ್ಟು ಹುಲ್ಲಿನೊಳಗೆ ಬಾಗಿ ನಡೆದರೆ ಸವಾರ ತಿರುಗಿಯೂ ನೋಡುವುದಿಲ್ಲ. ಹತ್ತಿರದಲ್ಲೇ ಒಂದು ಹಾಳು ಚರ್ಚು, ಅದರಲ್ಲಿ ಒಬ್ಬ ವ್ಯಾಪಾರಿ, ಒಂದು ಕಮ್ಮಾರಿಕೆಯ ಅಡಿಗಲ್ಲು. ಮೊದಲ ವಾರ ಬೇಕಾದದ್ದು ಅಷ್ಟೇ.

2. ಕಸುವಿಗೆ ಹಾಕಿದ ದುಡ್ಡು ಹೋಗಲಿಲ್ಲ

ಆಟದಲ್ಲಿ ಆಳಿನ ಮೈಯೆಂದರೆ ಎಂಟು ಅಂಕಿ. ಇಂಗ್ಲಿಷ್ ಹೆಸರು ಹುಡುಗನ ತಲೆಗೆ ಹತ್ತದೆ ಗೋಡೆಯ ಕ್ಯಾಲೆಂಡರಿನ ಹಿಂದೆ ನಮ್ಮ ಹೆಸರು ಬರೆದು ಅಂಟಿಸಿದೆವು: ವಿಗರ್ ಅಂದರೆ ಕಸುವು, ಮೈಂಡ್ ಚಿತ್ತ, ಎಂಡ್ಯೂರೆನ್ಸ್ ದಮ್ಮು, ಸ್ಟ್ರೆಂತ್ ತಾಕತ್ತು, ಡೆಕ್ಸ್ಟೆರಿಟಿ ಕೈಚಳಕ, ಇಂಟೆಲಿಜೆನ್ಸ್ ಬುದ್ಧಿ, ಫೇತ್ ಭಕ್ತಿ, ಆರ್ಕೇನ್ ಮಾಟ. ನಮ್ಮವ್ವ ಅದನ್ನು ಓದಿ, “ಭಕ್ತಿಗೂ ನಂಬರ್ ಹಾಕ್ತಾರೇನ್ರೋ?” ಅಂದಳು. ಗುರುವಾರ ಗುರುವಾರ ಅಕ್ಕಲಕೋಟೆಗೆ ಹೋಗಿ ಸ್ವಾಮಿ ಸಮರ್ಥರ ದರ್ಶನದ ಸಾಲಿನಲ್ಲಿ ನಿಲ್ಲುವವಳು. ಅವಳಿಗೆ ಉತ್ತರ ಕೊಡಲು ನನಗೆ ಬರಲಿಲ್ಲ.

ಹುಡುಗ ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಸಿಕ್ಕ ಇಪ್ಪತ್ತೊಂದು ಅಂಕವನ್ನೂ ತಾಕತ್ತಿಗೆ ಸುರಿದ. ಕಸುವು ಶುರುವಿನಲ್ಲಿದ್ದ 15ಕ್ಕೇ ನಿಂತಿತ್ತು. 15 ಕಸುವಿಗೆ ಮೈಯಲ್ಲಿ ಇರುವ ಜೀವ 522. ಕೋಟೆಯ ಬಾಗಿಲಲ್ಲಿ ಕೋಲು ಹಿಡಿದು ನಿಂತ ಮಾರ್ಗಿಟ್ ಎರಡು ಮೂರು ಬೀಸಿನಲ್ಲಿ ಅದನ್ನು ಮುಗಿಸುತ್ತಾನೆ. ಇವನ ಏಟು ಜೋರಾಗಿತ್ತು ನಿಜ, ಆದರೆ ಆ ಏಟು ಹಾಕುವ ತನಕ ಇವನು ಬದುಕಿರುತ್ತಿರಲಿಲ್ಲ.

ನನ್ನ ಅಜ್ಜ ಹಳ್ಳಿಯ ತಾಲೀಮಿನಲ್ಲಿ ಬೆಳೆದವನು. ಮೊದಲ ಆರು ತಿಂಗಳು ವಸ್ತಾದ ಅವನನ್ನು ಕುಸ್ತಿಯ ಕಣಕ್ಕೆ ಇಳಿಸಲೇ ಇಲ್ಲವಂತೆ; ಬರೀ ಬೈಠಕ್, ಬರೀ ಜೋರು, ಬರೀ ಕೆಂಪು ಮಣ್ಣು ಅಗೆಯುವುದು. ಡಾವು ಯಾವಾಗ ಕಲಿಸ್ತೀರಿ ಅಂತ ಕೇಳಿದ್ದಕ್ಕೆ ಇನ್ನೂ ನೂರು ಬೈಠಕ್ ಬಿದ್ದವು. ಕಸುವಿನ ಅಂಕಣ ನೋಡಿದಾಗಲೆಲ್ಲ ನನಗೆ ಆ ಮಣ್ಣು ನೆನಪಾಗುತ್ತದೆ.

ಇನ್ನು ನನ್ನ ಕಸುಬಿನ ಮಾತು. ಕಸುವು 15ರಿಂದ 40ಕ್ಕೆ ಏರಿದರೆ ಜೀವ 522ರಿಂದ 1450 ಆಗುತ್ತದೆ, ಅಂದರೆ ಅಂಕಕ್ಕೆ ಸುಮಾರು 37. 40ರಿಂದ 60ರವರೆಗೆ 1900, ಅಂಕಕ್ಕೆ 22.5. ಅಲ್ಲಿಂದ 99ರವರೆಗೆ ಹೋದರೂ 2100. ಮೂವತ್ತೊಂಬತ್ತು ಅಂಕ ಸುರಿದು ಬಂದದ್ದು ಬರೀ 200. ಪೇಢಿಯಲ್ಲಿ ಇಂಥ ಬಡ್ಡಿಗೆ ಯಾರಾದರೂ ದುಡ್ಡು ಹಾಕಿದರೆ ಸಾಹುಕಾರ ಮಂಗಳಾರತಿ ಎತ್ತುತ್ತಾನೆ. 40ರ ತನಕ ಕಣ್ಣು ಮುಚ್ಚಿ, 60ರ ತನಕ ಕಣ್ಣು ತೆರೆದು, ಆಮೇಲೆ ಬೇಡ.

3. ದೊಡ್ಡ ಕತ್ತಿಗೆ ಎರಡು ಕೈ

ದೀಪಾವಳಿ ರಜೆಗೆ ಹುಡುಗನ ಜೊತೆ ಅಕ್ಕಲಕೋಟೆಗೆ ಹೋದಾಗ ಅರಮನೆಯ ಶಸ್ತ್ರಾಗಾರಕ್ಕೆ ಕರೆದುಕೊಂಡು ಹೋದೆ. ಅಕ್ಕಲಕೋಟೆ ಭೋಸಲೆಯರ ಸಂಸ್ಥಾನ. ಛತ್ರಪತಿ ಶಾಹೂ ದತ್ತು ತೆಗೆದುಕೊಂಡ ಫತ್ತೇಸಿಂಹನಿಂದ ಶುರುವಾದ ಮನೆತನ. ಅವರು ಕೂಡಿಟ್ಟ ಆಯುಧಗಳೇ ಅಲ್ಲಿರುವುದು. ಊರಿನವನೇ ಆದರೂ ಹುಡುಗ ಒಳಗೆ ಕಾಲಿಟ್ಟಿರಲಿಲ್ಲ. ಕತ್ತಿಗಳ ಮುಂದೆ ನಿಂತು, “ಇಷ್ಟ ತೆಳ್ಳಗ ಇರ್ತಾವ?” ಅಂದ. ಮುಖದಲ್ಲಿ ಮೋಸ ಹೋದವನ ಕಳೆ. ನಿಜವಾದ ತಲವಾರು ಒಂದು ಕಿಲೋ ಆಚೀಚೆ ತೂಗುತ್ತದೆ. ಅದಕ್ಕಿಂತ ಭಾರ ಇದ್ದರೆ ಕುದುರೆಯ ಮೇಲೆ ದಿನವಿಡೀ ಬೀಸುವವನ ರಟ್ಟೆ ಸಂಜೆಗೆ ಏಳುವುದಿಲ್ಲ. ಆಟದ ಗ್ರೇಟ್‌ಸೋರ್ಡ್ ಮನುಷ್ಯನಷ್ಟೇ ಉದ್ದದ ಕಬ್ಬಿಣದ ಹಲಗೆ. ಅದನ್ನು ಬೆನ್ನ ಮೇಲೆ ಹೊತ್ತ ತನ್ನ ಆಳೇ ಸುಳ್ಳು ಅನ್ನಿಸಿಬಿಟ್ಟಿತು ಅವನಿಗೆ. ವಾಪಸ್ ಬರುವ ಬಸ್ಸಿನಲ್ಲಿ ಮಾತೇ ಆಡಲಿಲ್ಲ.

ಮನೆಗೆ ಬಂದು ಲೆಕ್ಕ ತೋರಿಸಿದ ಮೇಲೆ ಸಮಾಧಾನವಾಯಿತು. ಆ ಹಲಗೆ ಎತ್ತಲು 31 ತಾಕತ್ತು, 12 ಕೈಚಳಕ ಬೇಕು. ಆದರೆ ಎರಡೂ ಕೈಯಲ್ಲಿ ಹಿಡಿದರೆ ಆಟ ನಿನ್ನ ತಾಕತ್ತನ್ನು ಒಂದೂವರೆ ಪಟ್ಟು ಅಂತ ಎಣಿಸುತ್ತದೆ. 21 ಇದ್ದರೆ ಸಾಕು. ಹುಡುಗನ ಆಳಿನ ಹಾಗೆ ವ್ಯಾಗಬಾಂಡ್ ಎಂಬ ಬಗೆಯಲ್ಲಿ ಹುಟ್ಟಿದವನಿಗೆ ತಾಕತ್ತು 14, ಕೈಚಳಕ 13 ಮೊದಲೇ ಇರುತ್ತದೆ. ಹದಿನೇಳು ಮೆಟ್ಟಿಲಿನ ಕೆಲಸ ಏಳರಲ್ಲೇ ಮುಗಿಯುತ್ತಿತ್ತು. ಉಳಿದ ಹತ್ತು ಕಸುವಿಗೆ. ಗುರಾಣಿ ಬಿಡಬೇಕಾಗುತ್ತದೆ, ಹೌದು. ಬಿಡಲಿ. ಗುರಾಣಿಯ ಹಿಂದೆ ಅಡಗಿ ಕಲಿತವನಿಗೆ ಎದುರಾಳಿಯ ಕೈ ಯಾವಾಗ ಏಳುತ್ತದೆ, ಯಾವಾಗ ಬೀಳುತ್ತದೆ ಅನ್ನುವುದು ಕಣ್ಣಿಗೆ ಕೂರುವುದಿಲ್ಲ.

ಇನ್ನೊಂದು: ಎರಡು ಕಸುಬು ಒಟ್ಟಿಗೆ ಬೇಡ. ಸ್ವಲ್ಪ ಕತ್ತಿ, ಸ್ವಲ್ಪ ಮಂತ್ರ, ಸ್ವಲ್ಪ ಬಿಲ್ಲು ಅಂತ ಮಾಡಿದ ನನ್ನ ಮೊದಲ ಆಳು ಮದುವೆ ಮನೆಯ ಮಿಕ್ಸ್ ಭಾಜಿಯಾಗಿದ್ದ.

4. ಭಾರ ಸೊಂಟಕ್ಕೆ ಗೊತ್ತಿರಬೇಕು

ಕವಚದ ಚಂದಕ್ಕೆ ಮರುಳಾಗಿ ಹುಡುಗ ಸಿಕ್ಕ ಕಬ್ಬಿಣವನ್ನೆಲ್ಲ ಮೈಗೇರಿಸಿದ. ಹೊರೆ ಮಿತಿಯ ನೂರಕ್ಕೆ 70 ದಾಟಿದರೆ ಆಳು ಉರುಳುವುದು ಜೋಳದ ಚೀಲ ಉರುಳಿದಂತೆ. ಅದರ ಕೆಳಗಿದ್ದರೆ ಮಾತ್ರ ಉರುಳಾಟದಲ್ಲಿ ಚುರುಕು. ಇದನ್ನು ಬಾಯಲ್ಲಿ ಹೇಳಿದೆ, ಕೇಳಲಿಲ್ಲ. ಸಂಕ್ರಾಂತಿ ಹತ್ತಿರ ಬಂತು.

ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ. ಏಳು ನಂದಿಧ್ವಜಗಳು ಹೊರಡುತ್ತವೆ, ಒಂದೊಂದೂ ಮಾಳಿಗೆ ಮನೆಯ ಎತ್ತರ ಮೀರಿದ ಕಂಬ. ಬಿಳಿ ಬಾರಾಬಂದಿ ತೊಟ್ಟವರು ಸರದಿಯ ಮೇಲೆ ಹೊರುತ್ತಾರೆ. ಜಾತ್ರೆಗೆ ಎಷ್ಟೋ ವಾರ ಮೊದಲೇ ರಾತ್ರಿ ಹೊತ್ತು ಅಭ್ಯಾಸ ನಡೆಯುತ್ತದೆ. ಅದನ್ನು ನೋಡಲು ಹೋಗಿದ್ದೆವು. ಜಿಮ್ಮಿಗೆ ಹೋಗುವ ದಪ್ಪ ತೋಳಿನ ಹುಡುಗನೊಬ್ಬ ಕಂಬ ಎತ್ತಿ ನಾಲ್ಕು ಹೆಜ್ಜೆ ಹಾಕಿದ. ಮೇಲಿನ ತುದಿ ಎಡಕ್ಕೆ ವಾಲಿತು, ಇವನು ತೋಳಿನಿಂದ ಎಳೆದ, ಅದು ಬಲಕ್ಕೆ ಹೋಯಿತು, ನಾಲ್ಕು ಜನ ಓಡಿಬಂದು ಹಿಡಿದರು. ಆಮೇಲೆ ಐವತ್ತು ದಾಟಿದ ಸಣಕಲು ಮನುಷ್ಯನೊಬ್ಬ ಬಂದ. ಅವನು ಕಂಬವನ್ನು ನೋಡಲೇ ಇಲ್ಲ. ಮೊಣಕಾಲು ಸ್ವಲ್ಪ ಬಗ್ಗಿಸಿ, ಬುಡವನ್ನು ಸೊಂಟಕ್ಕೆ ಕೊಟ್ಟು, ಮೇಲಿನ ತುದಿ ಎತ್ತ ಹೋಗುತ್ತದೋ ಅತ್ತ ಕಾಲನ್ನು ಒಯ್ದ. ಓಣಿಯ ತಿರುವಿನ ತನಕ ಹೋಗಿ ಬಂದ, ಉಸಿರು ಹೆಚ್ಚು ಕಡಿಮೆ ಆಗಿರಲಿಲ್ಲ.

ಆ ರಾತ್ರಿ ಹುಡುಗ ತಾನಾಗಿಯೇ ಕಬ್ಬಿಣದ ಶಿರಸ್ತ್ರಾಣ ಮತ್ತು ಕೈಗವಚ ಬಿಚ್ಚಿಟ್ಟ. ಹೊರೆ 68ಕ್ಕೆ ಇಳಿಯಿತು.

5. ಆಳಿಗಿಂತ ಮೊದಲು ಆಯುಧ

ಚಿಕ್ಕ ಮಾತು. ಶುರುವಿನಲ್ಲಿ ತಾಕತ್ತಿಗೆ ಐದು ಅಂಕ ಹಾಕುವುದಕ್ಕಿಂತ ಕತ್ತಿಯನ್ನು ಎರಡು ಮೆಟ್ಟಿಲು ಏರಿಸಿದರೆ ಏಟು ಹೆಚ್ಚು ಬೀಳುತ್ತದೆ. ಚರ್ಚಿನ ಅಡಿಗಲ್ಲಿನ ಮೇಲೆ ಮೂರು ಮೆಟ್ಟಿಲು ನೀನೇ ಏರಿಸಬಹುದು, ಅಲ್ಲಿಂದ ಮುಂದೆ 25ರವರೆಗೆ ಕಮ್ಮಾರ ಬೇಕು. ಅದಕ್ಕೆ ಬೇಕಾದ ಕಮ್ಮಾರಿಕೆಯ ಕಲ್ಲು ಗಣಿಗಳಲ್ಲಿ ಸಿಗುತ್ತದೆ. ನಕ್ಷೆಯಲ್ಲಿ ಕೆಂಪು-ಕಪ್ಪು ಚುಕ್ಕೆ ಕಂಡರೆ ಗಣಿ ಅಂತ ತಿಳಿ.

6. ನಾನು ಮಾಡಿದ ನೂರಾರು ಚಾಕು

ಸ್ಕೈರಿಮ್ ಬೇರೆ ಥರ. ಅಲ್ಲಿ ಅಂಕ ಹಂಚಿ ವಿದ್ಯೆ ಬೆಳೆಸುವುದಿಲ್ಲ. ಮಾಡಿದ ಕೆಲಸವೇ ಬೆಳೆಯುತ್ತದೆ. ಕತ್ತಿ ಬೀಸಿದರೆ ಕತ್ತಿ, ಬೀಗ ಮುರಿದರೆ ಬೀಗ. ಹದಿನೆಂಟು ವಿದ್ಯೆ, ಒಂದೊಂದೂ 100ರವರೆಗೆ. ನನ್ನ ಅಜ್ಜ ಬದುಕಿದ್ದರೆ ಮೆಚ್ಚುತ್ತಿದ್ದ. ಆದರೆ ಮೊಮ್ಮಗ ಮಾಡಿದ್ದೇನು? ಒಂದು ಕಬ್ಬಿಣದ ಗಟ್ಟಿ, ಒಂದು ಚರ್ಮದ ಪಟ್ಟಿ ಸೇರಿಸಿದರೆ ಒಂದು ಚಾಕು, ಚಾಕುವೊಂದಕ್ಕೆ ಇಷ್ಟು ಕಮ್ಮಾರಿಕೆ ಅಂತ ಗೊತ್ತಾದದ್ದೇ ತಡ, ಮೂರು ರಾತ್ರಿ ಕೂತು ಚಾಕು ಮಾಡಿದೆ. ಜೊತೆಗೆ ಬೀಗ ಮುರಿದೆ, ಜೇಬು ಕತ್ತರಿಸಿದೆ, ಸಂತೆಯಲ್ಲಿ ಚೌಕಾಸಿ ಮಾಡಿದೆ. ಆಳಿನ ಹಂತ ಇಪ್ಪತ್ತು ದಾಟಿತು. ಬೀಗುತ್ತ ಊರ ಹೊರಗೆ ಹೋದೆ. ಆ ಆಟದಲ್ಲಿ ನಿನ್ನ ಹಂತ ನೋಡಿ ಎದುರಾಳಿಯೂ ಬಲಿಯುತ್ತಾನೆ. ಎದುರಿಗೆ ಬಂದವರು ಇಪ್ಪತ್ತರ ಗಂಡುಗಳು, ನನ್ನ ಕತ್ತಿಯ ಕೈ ಇನ್ನೂ ಮೊದಲ ದಿನದ್ದು. ದಾರಿಯ ದರೋಡೆಕೋರನೊಬ್ಬ ನನ್ನ ಚಾಕುಗಳ ಸಮೇತ ನನ್ನನ್ನು ಮಲಗಿಸಿದ.

ಆ ತಪ್ಪಿಗೆ ಬಾಲವೂ ಇದೆ. ಅದು ಲೋಡ್‌ಶೆಡ್ಡಿಂಗಿನ ಕಾಲ. ಯಂತ್ರ ಮುಗ್ಗರಿಸುತ್ತದೆ ಅಂತ, ಆಡಿದ್ದನ್ನು ಆಟ ತಾನೇ ಉಳಿಸಿಕೊಳ್ಳುವ ಸೌಲಭ್ಯವನ್ನು ಆರಿಸಿಟ್ಟಿದ್ದೆ. ಬುದ್ಧಿ ಬಂದು ಮತ್ತೆ ಮೊದಲಿನಿಂದ ಶುರುಮಾಡಿ, ಬರೀ ಕತ್ತಿಯಿಂದಲೇ ಕಾದಾಡಿ ಎಂಟು ಹಂತ ಏರಿಸಿದ್ದೆ. ಫ್ಯಾನು ನಿಂತಿತು. ಪರದೆ ಕಪ್ಪಾಯಿತು. ಕತ್ತಲೆಯಲ್ಲಿ ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡೇ ಸುಮಾರು ಹೊತ್ತು ಕೂತಿದ್ದೆ. ಮರುವಾರ ಸಂಬಳದಲ್ಲಿ ಯುಪಿಎಸ್ ತಂದೆ. ಹೆಂಡತಿಗೆ ಹೇಳಿದ್ದು ಪೇಢಿಯ ಲೆಕ್ಕಕ್ಕೆ ಬೇಕು ಅಂತ.

7. ರೂನು ಕೈಯಲ್ಲಿಟ್ಟುಕೊಂಡು ಊರು ತಿರುಗಬೇಡ

ಎಲ್ಡನ್ ರಿಂಗಿನಲ್ಲಿ ಸತ್ತರೆ ಗಳಿಸಿದ ರೂನೆಲ್ಲ, ಅಂದರೆ ಆ ಆಟದ ನಗದೆಲ್ಲ, ಅಲ್ಲೇ ಬೀಳುತ್ತದೆ. ಎತ್ತಿಕೊಳ್ಳಲು ಹೋಗುವಾಗ ಮತ್ತೆ ಸತ್ತರೆ ಕಾಯಂ ಹೋಯಿತು. ನಗದು ಕೈಯಲ್ಲಿದ್ದರೆ ಖರ್ಚು ಮಾಡಿ ಒಳಗೆ ಹೋಗು. ಹೋದದ್ದಕ್ಕೆ ಅಳಬೇಡ, ಅದನ್ನು ಮರಳಿ ಪಡೆಯುವ ಸಿಟ್ಟಿನಲ್ಲಿ ಆಡಿದ ಆಟವೇ ಅತಿ ಕೆಟ್ಟ ಆಟ.

8. ಒಂದೇ ಹೊಲ ಉಳಬೇಡ

ಎಲ್ಲೋ ಒಂದು ಕಡೆ ನಿಂತು ಬಡಪಾಯಿಗಳನ್ನು ಮತ್ತೆ ಮತ್ತೆ ಕೊಂದು ರೂನು ಕೂಡಿಸುವವರಿದ್ದಾರೆ. ನಾನೂ ಮಾಡಿದ್ದೇನೆ. ಅಂಕಿ ಏರುತ್ತದೆ. ಆದರೆ ಔಷಧಿಯ ಸೀಸೆ ಹೆಚ್ಚಿಸುವ ಗೋಲ್ಡನ್ ಸೀಡ್, ಅದರ ಗುಣ ಹೆಚ್ಚಿಸುವ ಸೇಕ್ರೆಡ್ ಟಿಯರ್ ತಿರುಗಿದವನಿಗೇ ಸಿಗುವುದು. ಸಿದ್ಧರಾಮ ಈ ಊರ ಸುತ್ತ ಅರವತ್ತೆಂಟು ಲಿಂಗ ಸ್ಥಾಪಿಸಿದ ಅಂತ ನಂಬಿಕೆ. ಜಾತ್ರೆಯಲ್ಲಿ ನಂದಿಧ್ವಜಗಳು ಅವನ್ನೆಲ್ಲ ಸುತ್ತಿ ಬರುತ್ತವೆ. ಹುಡುಗ ನಕ್ಷೆ ಬಿಡಿಸಿಕೊಂಡು, ಆಟದ ತಂಗುದಾಣಗಳಾದ ಕೃಪೆಯ ಜ್ಯೋತಿಗಳನ್ನು ಒಂದೊಂದಾಗಿ ಹಚ್ಚುತ್ತ, “ಇದೂ ಅರವತ್ತೆಂಟ ಲಿಂಗದ ಫೇರಿನೇ ಮಾಮಾ” ಅಂದ. ಆವತ್ತಿನಿಂದ ನಾವು ಹಾಗೇ ಕರೆಯುತ್ತೇವೆ.

ತಿರುಗದವನ ಗತಿ ನನಗೆ 2024ರ ಜೂನಿನಲ್ಲಿ ತಿಳಿಯಿತು. ಶ್ಯಾಡೋ ಆಫ್ ದಿ ಎರ್ಡ್‌ಟ್ರೀ ಎಂಬ ಹೊಸ ಭಾಗ ಬಂದಾಗ ನನ್ನ ಆಳು 160ನೇ ಹಂತದಲ್ಲಿದ್ದ. ಮೀಸೆ ತಿರುವಿ ಒಳಹೊಕ್ಕೆ. ಅಲ್ಲಿ ಬಲ ಬರುವುದು ಸ್ಕಾಡುಟ್ರೀ ಚೂರುಗಳಿಂದ, ಅವು ಇರುವುದು ಆ ನೆಲದ ಮೂಲೆಮೂಲೆಯಲ್ಲಿ. ಚೂರಿಲ್ಲದ 160ರವನನ್ನು ಸಾದಾ ಸಿಪಾಯಿಗಳೇ ನೆಲಕ್ಕೆ ಹಾಕಿದರು.

9. ಹುಡುಗ ಈಗ

ಅವನ ವ್ಯಾಗಬಾಂಡ್ ಆಟ ಮುಗಿಸಿಯಾಯಿತು. ಹೋದ ತಿಂಗಳು ಹೊಸ ಆಳು ಹುಟ್ಟಿಸಿದ: ರೆಚ್. ಒಂದನೇ ಹಂತ, ಎಂಟಕ್ಕೆ ಎಂಟೂ ಅಂಕಿ 10, ಮೈಮೇಲೆ ಬಟ್ಟೆಯಿಲ್ಲ, ಕೈಯಲ್ಲೊಂದು ದೊಣ್ಣೆ. ಹಂತ ಏರಿಸುವುದಿಲ್ಲವಂತೆ. ನೇರ ಆ ಬಂಗಾರದ ಸವಾರನ ಮುಂದೆ ಹೋಗಿ ನಿಂತ. ಮೊದಲ ಪಾಠ ಮರೆತೆಯಾ ಅಂದದ್ದಕ್ಕೆ ನಕ್ಕ.

ಮೊನ್ನೆ ರಾತ್ರಿ ಒಂದೂವರೆಗೆ ನೀರು ಕುಡಿಯಲೆಂದು ಎದ್ದೆ. ನಡುಮನೆಯಲ್ಲಿ ಪರದೆಯ ಬೆಳಕು. ಸವಾರನ ಜೀವದ ಗೆರೆ ಕೂದಲೆಳೆಯಷ್ಟು ಉಳಿದಿತ್ತು, ಒಂದೇ ಏಟು ಸಾಕು. ಕುದುರೆ ತಿರುಗಿತು, ಪಕ್ಕೆ ತೆರೆದಿತ್ತು. ಹುಡುಗನ ಹೆಬ್ಬೆರಳು ಗುಂಡಿಯ ಮೇಲಿತ್ತು, ಆದರೆ ಒತ್ತಲಿಲ್ಲ; ದೊಣ್ಣೆ ಕೆಳಗಿಳಿಸಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ನಾನು ತಂಬಿಗೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.