ಬೊಡ್ಡೆಗೆ ಉಳಿಸಿದ 180 ಯೂರೋ

2025ರ ಜನವರಿ 24ರಂದು ಏಓವಿನ್ ಬಿರುಗಾಳಿ ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಸ್ ಹೆಡ್‌ನಲ್ಲಿ ಗಂಟೆಗೆ 183 ಕಿ.ಮೀ. ವೇಗ ಮುಟ್ಟಿತು. ಡಬ್ಲಿನ್ ಹೊರವಲಯದ ನಮ್ಮ ಸಿಟಿವೆಸ್ಟ್‌ನಲ್ಲಿ ಅಷ್ಟಿರಲಿಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಹಿತ್ತಲಿನ ಲೇಲ್ಯಾಂಡಿ ಮರ ಪಕ್ಕದವರ ಬೇಲಿಯತ್ತ ವಾಲಿತ್ತು. ಮನೆ ವಿಮೆಯ ಪಾಲಿಸಿ ನೋಡಿದೆ: ಮರ ಮನೆ ಮೇಲೆ ಬಿದ್ದರೆ ಪರಿಹಾರ ಉಂಟು, ನಿಂತ ಮರ ಕಡಿಸುವ ಖರ್ಚು ನಮ್ಮದೇ.

ಫೆಬ್ರುವರಿಯಲ್ಲಿ ಮರ ಕಡಿಯುವವರು ಬಂದರು. ಕಡಿದು ಸಾಗಿಸಲು 750, ಬೊಡ್ಡೆ ಗ್ರೈಂಡ್ ಮಾಡಲು 180. ಯಂತ್ರ ಗೇಟಿನ ಹೊರಗೆ ಟ್ರೇಲರ್ ಮೇಲೇ ಇತ್ತು. 'ರೀ, ಇದರ ಜೊತೆಗೇ ಬೊಡ್ಡೆಯನ್ನೂ ತೆಗೆಸಿಬಿಡಿ' ಎಂದಳು ಹೆಂಡತಿ. ನಾನೇ ತೆಗೆಯುತ್ತೇನೆ ಎಂದೆ.

ಮೊದಲು ಬೊಡ್ಡೆ ಕೊಲ್ಲುವ ದ್ರಾವಣ ತಂದೆ, 24 ಯೂರೋದಂತೆ ಎರಡು ಬಾಟಲಿ. ಈ ಬಾಟಲಿಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಲೇಲ್ಯಾಂಡಿ ಬುಡಮಟ್ಟ ಕಡಿದ ಮೇಲೆ ಮತ್ತೆ ಚಿಗುರುವ ಜಾತಿಯೇ ಅಲ್ಲ. ಸತ್ತ ಬೊಡ್ಡೆಗೆ ವಿಷ ಯಾಕೆ? ವಿಷ ಬೇರನ್ನು ಕೀಳುವುದಿಲ್ಲ. ಕೊಳೆಯಲು ವರ್ಷಗಟ್ಟಲೆ ಬೇಕು. ಆಮೇಲೆ ಪಿಕಾಸಿ, ಗರಗಸಕ್ಕೆ 62. ಮೇಲಿನ ಬೇರುಗಳು ತುಂಡಾದವು. ಅಡಿಯದು ತೊಡೆಗಾತ್ರ, ಪಿಕಾಸಿ ಹಾಕಿದರೆ ರಾಳ ಮೆತ್ತಿಕೊಂಡು ಪುಟಿಯುತ್ತಿತ್ತು. ಶೆಡ್ ಹಾಕಬೇಕಿದ್ದ ಜಾಗ ಬೇಸಿಗೆಯಿಡೀ ಹಾಗೇ ಉಳಿಯಿತು.

ಅಕ್ಟೋಬರಿನಲ್ಲಿ ಮರ ಕಡಿದವರನ್ನೇ ಮತ್ತೆ ಕರೆಸಿದೆ. ಬೊಡ್ಡೆಯೊಂದಕ್ಕೇ ಬಂದರೆ ಕನಿಷ್ಠ 320. ಯಂತ್ರ ಹೇರಿಕೊಂಡು ಬರುವ ಡೀಸೆಲ್ಲು, ಇಬ್ಬರ ಅರ್ಧ ದಿನ, ಎಲ್ಲ ಅದರಲ್ಲೇ ಸೇರಿದೆ. ದರ ನ್ಯಾಯವೇ.

ಲೆಕ್ಕ ಹಾಕಿ: 48, 62, 320 ಸೇರಿದರೆ 430. ಫೆಬ್ರುವರಿಯ 180 ಕಳೆದರೆ 250 ಹೆಚ್ಚುವರಿ. ಅಂದರೆ 180 ಯೂರೋವನ್ನು ಎಂಟು ತಿಂಗಳು ಕೈಯಲ್ಲಿ ಇಟ್ಟುಕೊಂಡದ್ದಕ್ಕೆ ಶೇ 139 ಬಡ್ಡಿ ತೆತ್ತೆ. ಅದೇ ಹಣವನ್ನು ತಿಂಗಳಿಗೆ ಶೇ 1ರಂತೆ ಸಾಲ ತಂದಿದ್ದರೆ? ತಿಂಗಳಿಗೆ 1.80, ಅಸಲನ್ನು ಕೊನೆಗೇ ತೀರಿಸಿದರೂ ಎಂಟು ತಿಂಗಳಿಗೆ 14.40. ನನ್ನ ಶನಿವಾರಗಳನ್ನು ಇದರಲ್ಲಿ ಸೇರಿಸಿಲ್ಲ.

ಕೆಲಸದ ಬಾಲವನ್ನು ಕತ್ತರಿಸಿ ಬಿಲ್ ಇಳಿಸುವ ಚಟ ನಮ್ಮ ಅನೇಕ ಮನೆಗಳಲ್ಲಿದೆ. ಬಣ್ಣ ಹೊಡೆಸುತ್ತೇವೆ, ಬಿರುಕು ಮುಚ್ಚಿಸುವುದಿಲ್ಲ. ಮರಕ್ಕೆ ದರ ಕೇಳುವಾಗ ಬೊಡ್ಡೆ, ಎಷ್ಟು ಆಳದವರೆಗೆ, ಪುಡಿ ಯಾರು ಸಾಗಿಸುತ್ತಾರೆ, ಮೂರನ್ನೂ ಬರೆಸಿಕೊಳ್ಳಿ.

ಗ್ರೈಂಡರ್ ನಲವತ್ತು ನಿಮಿಷದಲ್ಲಿ ಕೆಲಸ ಮುಗಿಸಿತು. ಕೆಂಪು ಪುಡಿಯ ಗುಡ್ಡೆಯಿಂದ ಸಂಜೆಯವರೆಗೂ ರಾಳದ ವಾಸನೆ. ಮರುವಾರ ಶೆಡ್ಡಿನವರು ಬಂದು ತಳಕ್ಕೆ ಬೇರೆ, ಶೆಡ್ಡಿಗೆ ಬೇರೆ ದರ ಹೇಳಿದರು. ಎರಡನ್ನೂ ಒಂದೇ ದಿನಕ್ಕೆ ಗೊತ್ತುಮಾಡಿ ಮುಂಗಡ ಕೊಟ್ಟೆ.