ಮಗ್ಗುಲಾಗಿ ಬಿದ್ದ ಗಾಡಿ

ಮೊನ್ನೆ ಫೋನಿನಲ್ಲಿ ನೀನು "ಏನೂ ಆಗಿಲ್ಲ ದೊಡ್ಡಪ್ಪ, ತಿರುವಿನಲ್ಲಿ ಮರಳಿತ್ತು, ಗಾಡಿ ಜಾರಿತು, ಬರೀ ಸ್ಕ್ರ್ಯಾಚ್ ಅಷ್ಟೆ" ಅಂದೆ. ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟಾಗಿಲ್ಲ ಎಂದು ಕೇಳಿ ಸಮಾಧಾನವಾಯಿತು. ಆದರೆ ಆಮೇಲೆ ನೀನು ಹೇಳಿದ ಮಾತಿಗೆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬಿದ್ದು ಒಂದು ನಿಮಿಷವೂ ಆಗಿರಲಿಲ್ಲ, ಎದ್ದು ಗಾಡಿ ಎತ್ತಿ ಹತ್ತಿ ಹೊರಟೇಬಿಟ್ಟೆಯಂತೆ. ಕಾಲೇಜಿನ ಹುಡುಗರೆಲ್ಲ ನೋಡುತ್ತಿದ್ದರಂತೆ.

ಮಗಾ, ಆ ಅವಸರ ನನಗೆ ಚೆನ್ನಾಗಿ ಗೊತ್ತು. ನನ್ನ ಬಳಿ ಆಗ ಯೆಜ್ಡಿ ಇತ್ತು, ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ. ಒಂದು ಮಳೆಗಾಲದ ಬೆಳಗ್ಗೆ ಆಗುಂಬೆ ಬಸ್‌ಸ್ಟ್ಯಾಂಡಿನ ಎದುರು ಜಲ್ಲಿಯ ಮೇಲೆ ಚಕ್ರ ಜಾರಿ ಬಲಮಗ್ಗುಲಿಗೆ ಬಿದ್ದೆ. ವೇಗ ನಡಿಗೆಗಿಂತ ಸ್ವಲ್ಪ ಹೆಚ್ಚಿದ್ದಿರಬಹುದು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನನ್ನತ್ತ ತಿರುಗಿದರು. ಮುಖ ಕೆಂಪಾಗಿ, ಯಾರಾದರೂ ಬಂದು ಮಾತಾಡಿಸುವ ಮೊದಲೇ ಎತ್ತಿ ಕಿಕ್ ಹೊಡೆದು ಸೋಮೇಶ್ವರದ ಕಡೆ ಘಾಟಿ ಇಳಿಯತೊಡಗಿದೆ. ಅಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆ. ಮೊದಲನೆಯದಕ್ಕೆ ಬಂದು ಹಿಂದಿನ ಬ್ರೇಕ್ ಒತ್ತಿದರೆ ಪೆಡಲ್ ಅಲುಗಲಿಲ್ಲ. ಬಿದ್ದಾಗ ಅದು ಒಳಗೆ ಬಗ್ಗಿ ಫುಟ್‌ರೆಸ್ಟಿನ ಸರಳಿಗೆ ಸಿಕ್ಕಿಕೊಂಡಿತ್ತು. ಟೂ-ಸ್ಟ್ರೋಕ್ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ ಹಿಡಿದು ನಿಲ್ಲಿಸುವುದು ಅಷ್ಟಕ್ಕಷ್ಟೆ. ಮುಂದಿನ ಬ್ರೇಕನ್ನು ಮೆತ್ತಗೆ ಹಿಡಿಯುತ್ತ, ಗೇರ್ ಇಳಿಸುತ್ತ, ಗುಡ್ಡದ ಮಗ್ಗುಲಿನ ಚರಂಡಿಗೆ ಗಾಡಿ ಇಳಿಸಿ ನಿಂತೆ. ಎದುರಿನಿಂದ ಬಸ್ಸು ಬರಲಿಲ್ಲ, ಅದಕ್ಕೇ ಇವತ್ತು ನಿನಗೆ ಇದನ್ನು ಹೇಳುತ್ತಿದ್ದೇನೆ.

ನಿಧಾನವಾಗಿ ಬಿದ್ದಾಗ ಇರುವ ಅಪಾಯ ಇದೇ. ಜೋರಾಗಿ ಬಿದ್ದವನನ್ನು ನಾಲ್ಕು ಜನ ಹಿಡಿದು ಕೂರಿಸುತ್ತಾರೆ, ಗಾಡಿ ಗ್ಯಾರೇಜಿಗೆ ಹೋಗುತ್ತದೆ. ಮೆಲ್ಲಗೆ ಬಿದ್ದವನು ನಾಚಿಕೆಗೆ ಅಲ್ಲಿಂದ ಓಡುತ್ತಾನೆ. ಹಾಗಾಗಿ ನಾನು ಕೇಳಿಕೊಳ್ಳುವುದು ಒಂದೇ: ಬಿದ್ದ ಜಾಗದಲ್ಲಿ ಹತ್ತು ನಿಮಿಷ ಇರು. ನೋಡುವವರು ನೋಡಲಿ.

ಮೊದಲು ಕೀ ಆಫ್ ಮಾಡು. ಪೆಟ್ರೋಲ್ ನಲ್ಲಿ ಇರುವ ಹಳೆಯ ಗಾಡಿಯಾದರೆ ಅದನ್ನೂ ಮುಚ್ಚು. ಎತ್ತುವುದಕ್ಕೂ ಒಂದು ಕ್ರಮವಿದೆ. ಸ್ಪ್ಲೆಂಡರ್ 112 ಕಿಲೋ, ಕ್ಲಾಸಿಕ್ 350 ಆದರೆ 195 ಕಿಲೋ. ಸೊಂಟ ಬಗ್ಗಿಸಿ ಹ್ಯಾಂಡಲ್ ಹಿಡಿದು ಎಳೆದರೆ ಗಾಡಿಗಿಂತ ಮೊದಲು ನಿನ್ನ ಬೆನ್ನು ಹಿಡಿದುಕೊಳ್ಳುತ್ತದೆ. ಗೇರಿಗೆ ಹಾಕು, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಬಿಚ್ಚಿಡು, ಹ್ಯಾಂಡಲನ್ನು ಪೂರ್ತಿ ಒಂದು ಕಡೆಗೆ ತಿರುಗಿಸು. ಸೀಟಿಗೆ ಬೆನ್ನು ಆನಿಸಿ ಕುಕ್ಕರುಗಾಲಿನಲ್ಲಿ ಕೂತು, ಕಾಲಿನ ಬಲದಿಂದ ಹಿಮ್ಮುಖವಾಗಿ ತಳ್ಳುತ್ತ ಮೇಲೇಳು. ಸಹಾಯಕ್ಕೆ ಯಾರಾದರೂ ಬಂದರೆ ಬೇಡ ಎನ್ನಬೇಡ.

ಎದ್ದು ನಿಂತ ಗಾಡಿಯ ಕೆಳಗೆ ನೆಲ ನೋಡು. ಪೆಟ್ರೋಲ್ ವಾಸನೆ ಇರುವವರೆಗೆ ಸ್ಟಾರ್ಟ್ ಮಾಡಕೂಡದು. ಇಂಜಿನ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಪಕ್ಕದ ಕವರ್ ಬಿರುಕು ಬಿಟ್ಟಿರುತ್ತದೆ, ಆಮೇಲೆ ಓಡಿಸುವ ಮಾತೇ ಇಲ್ಲ. ಡಿಸ್ಕ್ ಬ್ರೇಕಿನ ಆಯಿಲ್ ಸೋರಿದ್ದರೂ ಅಷ್ಟೇ. ಅದು ಪೇಂಟಿಗೆ ತಾಗಿದರೆ ಪೇಂಟ್ ಎದ್ದುಬರುತ್ತದೆ, ಕೂಡಲೇ ನೀರು ಹಾಕಿ ತೊಳೆ. ಇನ್ನೊಂದು ಮಾತು. ನಿನ್ನದರಂಥ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಗಾಡಿ ಮಲಗಿದರೆ ಇಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಎತ್ತಿದ ಮೇಲೂ ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ, ಕೀ ಒಮ್ಮೆ ಆಫ್ ಮಾಡಿ ಆನ್ ಮಾಡು.

ಸ್ಟಾರ್ಟ್ ಮಾಡುವ ಮೊದಲೇ ಆಕ್ಸಿಲರೇಟರ್ ತಿರುಗಿಸಿ ಬಿಟ್ಟು ನೋಡು. ಹ್ಯಾಂಡಲ್ ನೇರ ಇದ್ದಾಗ, ಎಡಕ್ಕೆ ತಿರುಗಿದಾಗ, ಬಲಕ್ಕೆ ತಿರುಗಿದಾಗ, ಮೂರೂ ಸಲ ಅದು ತಾನಾಗಿ ಟಪ್ಪನೆ ವಾಪಸು ಬರಬೇಕು. ಬಿದ್ದ ಪೆಟ್ಟಿಗೆ ಹಿಡಿಕೆ ಒಳಗೆ ತಳ್ಳಿಕೊಂಡು ಅಂಟಿಕೊಂಡಿದ್ದರೆ, ಸ್ಟಾರ್ಟ್ ಆದ ಕೂಡಲೇ ಗಾಡಿ ನಿನ್ನ ಕೈ ಮೀರುತ್ತದೆ. ಆಮೇಲೆ ಎರಡೂ ಬ್ರೇಕ್. ಗಾಡಿಯನ್ನು ತಳ್ಳುತ್ತ ಒಂದೊಂದನ್ನೇ ಹಿಡಿದು ನೋಡು. ಹಿಡಿದಾಗ ನಿಲ್ಲಬೇಕು, ಬಿಟ್ಟಾಗ ಚಕ್ರ ಉಜ್ಜದೆ ಉರುಳಬೇಕು.

ಕ್ಲಚ್ ಲಿವರ್ ಬಗ್ಗಿದ್ದರೆ ಅಲ್ಲೇ ನೆಟ್ಟಗೆ ಮಾಡಲು ಹೋಗಬೇಡ. ಅದು ಅಲ್ಯುಮಿನಿಯಂ ಎರಕ, ಒಮ್ಮೆ ಬಗ್ಗಿದ್ದನ್ನು ಮತ್ತೆ ಎಳೆದರೆ ಕೈಯಲ್ಲೇ ತುಂಡಾಗುತ್ತದೆ. ಬಗ್ಗಿದ ಲಿವರಿನಲ್ಲೇ ಮನೆ ಸೇರಬಹುದು. ಅರ್ಧ ಮುರಿದಿದ್ದರೂ ಎರಡು ಬೆರಳಿಗೆ ಸಿಕ್ಕರೆ ಕ್ಲಚ್ ನಡೆಯುತ್ತದೆ. ಬ್ರೇಕ್ ಲಿವರ್ ಮುರಿದಿದ್ದರೆ ಮಾತ್ರ ಗಾಡಿಯನ್ನು ಅಲ್ಲೇ ಬಿಡು. ಲಿವರಿನ ತುದಿಯಲ್ಲಿ ಗುಂಡಗೆ ಗೋಲಿ ಇರುವುದು ಬಿದ್ದಾಗ ಮೈಗೆ ಚುಚ್ಚದಿರಲಿ ಎಂದು. ಮುರಿದ ಚೂಪು ತುದಿಯನ್ನು ಹಾಗೇ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎರಡೂ ಲಿವರ್ ತಂದು ಸೀಟಿನಡಿ ಇಟ್ಟುಕೋ, ದೂರ ಹೋಗುವಾಗ ಒಂದು ಸ್ಪ್ಯಾನರೂ ಜೊತೆಗಿರಲಿ.

ನೇರ ರಸ್ತೆಯಲ್ಲಿ ಹೋಗುವಾಗ ಹ್ಯಾಂಡಲ್ ಸೊಟ್ಟಗಿದ್ದರೆ ಮುಕ್ಕಾಲು ಪಾಲು ಸಲ ಏನೂ ಮುರಿದಿರುವುದಿಲ್ಲ. ಫೋರ್ಕ್ ಪೈಪುಗಳು ತಮ್ಮ ಹಿಡಿತದೊಳಗೆ ಸ್ವಲ್ಪ ತಿರುಚಿಕೊಂಡಿರುತ್ತವೆ. ಮುಂದಿನ ಚಕ್ರವನ್ನು ಮೊಣಕಾಲಿನ ನಡುವೆ ಹಿಡಿದು ಹ್ಯಾಂಡಲ್ ತಿರುಚುವ ಹಳೆಯ ಉಪಾಯ ಮನೆ ಮುಟ್ಟಿಸುತ್ತದೆ. ಮೆಕ್ಯಾನಿಕ್ ಅದನ್ನೇ ಬೋಲ್ಟ್ ಸಡಿಲಿಸಿ ಮಾಡಿ, ಮತ್ತೆ ಬಿಗಿಯಬೇಕು. ಪೈಪೇ ಬಗ್ಗಿದೆಯಾದರೆ ಬೆಂಡ್ ತೆಗೆಸಿ ಹಾಕಿಸಿಕೊಳ್ಳಬೇಡ, ಹೊಸದು ಹಾಕಿಸು. ಬೆಂಡ್ ತೆಗೆದ ಪೈಪಿನಲ್ಲಿ ಆಯಿಲ್ ಸೀಲ್ ನಿಲ್ಲುವುದಿಲ್ಲ, ಬ್ರೇಕ್ ಹಿಡಿದಾಗ ಆ ಪೈಪಿನ ಮೇಲೇ ಇಡೀ ಭಾರ ಬೀಳುತ್ತದೆ. ಗೇರ್ ಲಿವರ್ ಬಗ್ಗಿದ್ದರೆ ಗಾಡಿಯಲ್ಲಿ ಇದ್ದಂತೆಯೇ ಸುತ್ತಿಗೆಯಿಂದ ಬಡಿಯಲು ಬಿಡಬೇಡ. ಪೆಟ್ಟು ಒಳಗಿನ ಶಾಫ್ಟಿಗೆ ಹೋಗಿ ಅಲ್ಲಿಂದ ಆಯಿಲ್ ಜಿನುಗತೊಡಗುತ್ತದೆ. ಬಿಚ್ಚಿ ತೆಗೆದು, ನೆಟ್ಟಗೆ ಮಾಡಿ, ಮತ್ತೆ ಹಾಕಲಿ.

ಟ್ಯಾಂಕಿನ ಗೀರು, ಸೈಲೆನ್ಸರಿನ ಉಜ್ಜು, ಒಡೆದ ಇಂಡಿಕೇಟರ್, ಇವು ಕಣ್ಣಿಗೆ ಚುಚ್ಚುತ್ತವೆ, ನಿಜ. ಇಂಡಿಕೇಟರ್ ಮತ್ತು ಕನ್ನಡಿ ತಕ್ಷಣ ಹಾಕಿಸು. ಗೀರು ಕಾಯಬಹುದು. ಆದರೆ ನಮ್ಮ ಮಲೆನಾಡಿನ ಮಳೆಯಲ್ಲಿ ತಗಡು ಕಾಣುವಷ್ಟು ಆಳದ ಗೀರನ್ನು ಹಾಗೇ ಬಿಟ್ಟರೆ ದೀಪಾವಳಿಯ ಹೊತ್ತಿಗೆ ಪೇಂಟಿನಡಿಯಲ್ಲಿ ತುಕ್ಕು ಹರಡಿರುತ್ತದೆ. ಒಣಗಿಸಿ, ನಿನ್ನ ತಂಗಿಯ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಪದರ ಬಳಿದರೆ ಆ ಮಳೆಗಾಲ ಕಳೆಯುತ್ತದೆ.

ವಿಮೆ ಕೇಳಬೇಕೋ ಬೇಡವೋ ಎಂದು ಕೇಳಿದ್ದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ನಿನ್ನ ಗಾಡಿಗೆ ಏನೂ ಬರುವುದಿಲ್ಲ. ಪೂರ್ತಿ ಪಾಲಿಸಿಯಾದರೆ ಅದರಲ್ಲಿ ಓನ್ ಡ್ಯಾಮೇಜ್ ಪ್ರೀಮಿಯಂ ಎಷ್ಟೆಂದು ನೋಡು. ಕ್ಲೇಮ್ ಮಾಡದಿದ್ದವರಿಗೆ ಅದರ ಮೇಲೆ 20%, 25%, 35%, 45%, ಕೊನೆಗೆ 50% ಬೋನಸ್ ಸಿಗುತ್ತದೆ, ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. 50% ಬೋನಸ್ ಇದ್ದು ಆ ಪ್ರೀಮಿಯಂ ವರ್ಷಕ್ಕೆ 1,000 ರೂಪಾಯಿ ಎಂದಿಟ್ಟುಕೋ. ಮತ್ತೆ 50%ಕ್ಕೆ ಏರುವಷ್ಟರಲ್ಲಿ ನೀನು ಕಳೆದುಕೊಳ್ಳುವುದು ಒಟ್ಟು 1,250. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಬೆಲೆಯಷ್ಟೇ ಕೊಡುತ್ತಾರೆ. ಎರಡು ಲಿವರು, ಒಂದು ಇಂಡಿಕೇಟರಿಗೆ ಕೈಯಿಂದಲೇ ಕೊಡು. ಫೋರ್ಕು, ಹೆಡ್‌ಲೈಟು, ಇಂಜಿನ್ ಕವರ್ ಹೋಗಿದ್ದರೆ ಕ್ಲೇಮ್ ಮಾಡು, ಆದರೆ ರಿಪೇರಿಗೆ ಕೈ ಹಾಕುವ ಮೊದಲು ತಿಳಿಸು, ಫೋಟೊ ತೆಗೆದಿಡು.

ಹೆಲ್ಮೆಟ್ ನೆಲಕ್ಕೆ ತಾಗಿತೇ ಎಂದು ನೀನು ಹೇಳಲಿಲ್ಲ. ತಲೆಯಲ್ಲಿದ್ದಾಗ ನೆಲಕ್ಕೆ ಬಡಿದಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಬದಲಿಸು. ಒಳಗಿನ ಥರ್ಮೋಕೋಲಿನಂಥ ಪದರ ಒಂದೇ ಪೆಟ್ಟಿಗೆಂದು ಮಾಡಿದ್ದು, ಒಮ್ಮೆ ಅದುಮಿಕೊಂಡರೆ ಮತ್ತೆ ಉಬ್ಬುವುದಿಲ್ಲ. ದುಡ್ಡು ನಾನು ಕಳಿಸುತ್ತೇನೆ. ತರಚಿದ ಮೊಣಕೈಗೆ ಟಿಟಿ ಇಂಜೆಕ್ಷನ್ ಬೇಕೇ ಎಂದು ಡಾಕ್ಟರನ್ನು ಕೇಳು. ಅಪ್ಪನಿಗೂ ವಿಷಯ ಹೇಳು, ಅವನೂ ಆ ಗಾಡಿ ಓಡಿಸುತ್ತಾನೆ.

ಭಾನುವಾರ ನೀನು ಊರಿಗೆ ಬಂದಾಗ ಇಬ್ಬರೂ ಕೂತು ಪೂರ್ತಿ ನೋಡೋಣ. ಅದಕ್ಕೆ ಮೊದಲು, ಇವತ್ತು ಸಂಜೆಯೇ, ಗಾಡಿ ನಿಲ್ಲಿಸಿದಲ್ಲಿಗೆ ಹೋಗಿ ಬಲಗಾಲಿನಿಂದ ಬ್ರೇಕ್ ಪೆಡಲ್ ಒತ್ತಿ ನೋಡು. ಅದು ಸಲೀಸಾಗಿ ಇಳಿದು ವಾಪಸು ಬರದಿದ್ದರೆ ಗಾಡಿ ಅಲ್ಲೇ ಇರಲಿ, ನೀನು ಬಸ್ಸಿಗೆ ಬಾ.